ಗುಲಾಬಿ ತೋಟದಲ್ಲಿ ಎಲೆಯನ್ನೂ ನೋಡಿ

ಬೇಸಿಗೆ ರಜೆಯಲ್ಲಿ ಊಟಿಗೆ ಹೋಗುವ ಕನ್ನಡಿಗರು ವಿಜಯನಗರಂ ಇಳಿಜಾರಿನ ಗುಲಾಬಿ ತೋಟವನ್ನು ನೋಡದೆ ಬರುವುದು ಕಡಿಮೆ. ಊಟಿಯ ನೂರನೇ ಪುಷ್ಪ ಪ್ರದರ್ಶನದ ನೆನಪಿಗಾಗಿ 1995ರಲ್ಲಿ, ಸುಮಾರು ನಾಲ್ಕು ಹೆಕ್ಟೇರ್ ಜಾಗದಲ್ಲಿ, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ತೋಟ ಅದು. 2006ರಲ್ಲಿ ಗುಲಾಬಿ ಸಂಘಗಳ ವಿಶ್ವ ಒಕ್ಕೂಟ ಅದಕ್ಕೆ ಶ್ರೇಷ್ಠ ಉದ್ಯಾನದ ಪ್ರಶಸ್ತಿ ಕೊಟ್ಟಿತು. ಊಟಿಯಿರಲಿ, ಬೆಂಗಳೂರಿನ ಲಾಲ್‌ಬಾಗ್ ಇರಲಿ, ಚಂಡೀಗಡದ ಜಾಕಿರ್ ಹುಸೇನ್ ಗುಲಾಬಿ ತೋಟವಿರಲಿ, ಅಲ್ಲಿ ನಾವು ಮಾಡುವುದು ಹೆಚ್ಚುಕಡಿಮೆ ಒಂದೇ. ದೊಡ್ಡ ಹೂವಿನ ಮುಂದೆ ನಿಲ್ಲುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ, ಮುಂದಿನ ಪಾತಿಗೆ ಹೋಗುತ್ತೇವೆ. ಹೂವು ನೋಡಿ ಸಂತೋಷಪಡುವುದು ಒಳ್ಳೆಯದೇ. ಆದರೆ ಸಾರ್ವಜನಿಕರ ದುಡ್ಡಿನಲ್ಲಿ, ಊರ ನಡುವಿನ ಬೆಲೆಬಾಳುವ ಜಾಗದಲ್ಲಿ ನೂರಾರು ಗುಲಾಬಿ ತಳಿಗಳನ್ನು ಒಟ್ಟಿಗೆ ಸಾಕುವುದಕ್ಕೆ ಅದಕ್ಕಿಂತ ಬಲವಾದ ಕಾರಣವೊಂದಿದೆ. ಈ ಊರಿನ ಮಣ್ಣು, ಮಳೆ, ಬಿಸಿಲಿಗೆ ಯಾವ ತಳಿ ಬಾಳುತ್ತದೆ, ಯಾವುದು ಸೊರಗುತ್ತದೆ ಎಂಬುದನ್ನು ಎಲ್ಲರ ಕಣ್ಣೆದುರು ತೋರಿಸಬಲ್ಲ ಜಾಗ ಅದು. ಉದ್ಯಾನದ ಗುಲಾಬಿ ತೋಟ ತಳಿಗಳ ಪರೀಕ್ಷೆಯ ಅಂಗಳವಾಗಬೇಕು, ಆ ಪರೀಕ್ಷೆಯ ಫಲಿತಾಂಶ ಒಂದು ಕುಂಡದಲ್ಲಿ ಒಂದೇ ಗಿಡ ಬೆಳೆಸುವ ಮನೆಯವರಿಗೂ ಸಿಗಬೇಕು ಎಂಬುದು ಈ ಲೇಖನದ ವಾದ.

ಇದಕ್ಕೆ ಆಧಾರ ಗುಲಾಬಿ ಗಿಡದ ಹುಟ್ಟಿನಲ್ಲೇ ಇದೆ. ನರ್ಸರಿಯಿಂದ ನಾವು ತರುವ ಗುಲಾಬಿ ಬೀಜದಿಂದ ಹುಟ್ಟಿದ್ದಲ್ಲ. ಗಟ್ಟಿ ಬೇರಿನ ಬೇರೊಂದು ಗುಲಾಬಿಯ ತೊಗಟೆಯನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರಕ್ಕೆ ಸೀಳಿ, ಬೇಕಾದ ತಳಿಯ ಒಂದು ಕಣ್ಣನ್ನು ಅದರೊಳಗೆ ಕೂರಿಸಿ, ಪಟ್ಟಿ ಸುತ್ತಿ ಬೆಳೆಸಿದ ಕಸಿ ಗಿಡ ಅದು. ಕಣ್ಣಿನಿಂದ ಹೊರಟ ಕೊಂಬೆಗಳು ಮೂಲ ಗಿಡದ ತದ್ರೂಪು. ಫ್ರಾನ್ಸಿನ ಫ್ರಾನ್ಸಿಸ್ ಮೇಯಾಂ ರೂಪಿಸಿದ, ಬರ್ಲಿನ್ ಪತನದ ಅಂಚಿನಲ್ಲಿದ್ದ 1945ರ ಏಪ್ರಿಲ್ 29ರಂದು ಅಮೆರಿಕದಲ್ಲಿ ‘ಪೀಸ್’ ಎಂದು ನಾಮಕರಣಗೊಂಡ ತಿಳಿಹಳದಿ ಗುಲಾಬಿಯನ್ನೇ ತೆಗೆದುಕೊಳ್ಳಿ. ಇಂದು ಜಗತ್ತಿನ ಯಾವ ಮೂಲೆಯಲ್ಲಿರುವ ‘ಪೀಸ್’ ಆದರೂ ವಂಶವಾಹಿಯ ಲೆಕ್ಕದಲ್ಲಿ ಆ ಒಂದೇ ಗಿಡದ ಮುಂದುವರಿಕೆ. ಅದು ಒಂದೂರಿನಲ್ಲಿ ಆಳೆತ್ತರ ಬೆಳೆದು ಇನ್ನೊಂದೂರಿನಲ್ಲಿ ಎಲೆಯುದುರಿ ಬೋಳಾದರೆ, ಕಾರಣವನ್ನು ಮಣ್ಣು, ಹವೆ, ಆರೈಕೆಗಳಲ್ಲಿ ಹುಡುಕಬೇಕು. ಹಾಗೆಯೇ ಒಂದೇ ಪಾತಿಯಲ್ಲಿ, ಒಂದೇ ಗೊಬ್ಬರ ನೀರು ಉಂಡು ನಿಂತ ಎರಡು ತಳಿಗಳಲ್ಲಿ ಒಂದು ಹಸಿರಾಗಿದ್ದು ಇನ್ನೊಂದು ಬಡವಾಗಿದ್ದರೆ, ಆ ವ್ಯತ್ಯಾಸ ತಳಿಯದ್ದು. ಮನೆಯ ಅಂಗಳದಲ್ಲಿ ನಾಲ್ಕು ಗಿಡ ಬೆಳೆಸುವವರಿಗೆ ಇಂಥ ಹೋಲಿಕೆ ಸಾಧ್ಯವಿಲ್ಲ. ಮಾರುವ ನರ್ಸರಿಗೆ ಅದರ ಅಗತ್ಯವಿಲ್ಲ. ಗಿಡ ಗಾಡಿಯಿಂದ ಇಳಿದು ಗಿರಾಕಿಯ ಕೈ ಸೇರುವವರೆಗೆ ಚೆನ್ನಾಗಿದ್ದರೆ ಸಾಕು. ನೂರಾರು ತಳಿಗಳನ್ನು ಅಕ್ಕಪಕ್ಕದಲ್ಲಿಟ್ಟು ವರ್ಷಗಟ್ಟಲೆ ನೋಡುವ ಸಾಮರ್ಥ್ಯ ಇರುವುದು ಸಾರ್ವಜನಿಕ ತೋಟಕ್ಕೆ.

ಹೂವಿನ ಚೆಲುವನ್ನಷ್ಟೇ ನೋಡಿ ತಳಿಯನ್ನು ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಗುಲಾಬಿಯ ಚರಿತ್ರೆಯಲ್ಲೇ ದೊಡ್ಡ ಪಾಠವಿದೆ. ಯುರೋಪಿನ ಹಳೆಯ ಗುಲಾಬಿಗಳು ಬಹುತೇಕ ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುತ್ತಿದ್ದವು. ಹದಿನೆಂಟನೇ ಶತಮಾನದ ಕೊನೆಯಿಂದ ಚೀನಾದ ಗುಲಾಬಿಗಳು ಹಡಗೇರಿ ಬಂದ ಮೇಲೆ ಮತ್ತೆ ಮತ್ತೆ ಹೂ ಬಿಡುವ ಗುಣ ಅವುಗಳೊಂದಿಗೆ ಬೆರೆಯಿತು. 1867ರಲ್ಲಿ ಫ್ರಾನ್ಸಿನಲ್ಲಿ ಹೊರಬಂದ ‘ಲಾ ಫ್ರಾನ್ಸ್’ ಇಂದಿನ ಹೈಬ್ರಿಡ್ ಟೀ ವರ್ಗದ ಮೊದಲನೆಯದೆಂದು ಹೆಸರಾಯಿತು. ಆದರೂ ಆ ಗುಂಪಿನಲ್ಲಿ ಗಾಢ ಹಳದಿ ಇರಲಿಲ್ಲ. ಲಿಯಾನ್ ನಗರದ ಜೋಸೆಫ್ ಪೆರ್ನೆ-ಡುಶೆ ಪರ್ಷಿಯಾದ ಹಳದಿ ಗುಲಾಬಿಯ ಜತೆ ಸಂಕರ ಮಾಡಿ, ವರ್ಷಗಳ ಪ್ರಯತ್ನದ ನಂತರ 1900ರಲ್ಲಿ ‘ಸೊಲೇಲ್ ದೋರ್’ ತಳಿಯನ್ನು ಹೊರತಂದರು. ಇಂದಿನ ಹಳದಿ, ಕಿತ್ತಳೆ, ಬೆಂಕಿಗೆಂಪು ಗುಲಾಬಿಗಳ ವಂಶ ಅಲ್ಲಿಂದ ಹರಡಿತು. ಆ ಪರ್ಷಿಯನ್ ಗುಲಾಬಿಗೆ, ಎಲೆಗೆ ಬರುವ ಕಪ್ಪು ಚುಕ್ಕೆ ಎಂಬ ಶಿಲೀಂಧ್ರ ರೋಗ ಬೇಗ ತಗಲುತ್ತದೆ. ಬಣ್ಣದ ಹಿಂದೆಯೇ ಆ ದೌರ್ಬಲ್ಯವೂ ಮಕ್ಕಳು ಮೊಮ್ಮಕ್ಕಳಿಗೆ ಇಳಿಯಿತು. ಜಗತ್ತು ಹೊಸ ಬಣ್ಣಕ್ಕೆ ಮರುಳಾಗಿ ಹಳದಿ ಗುಲಾಬಿಗಳನ್ನು ಬರಮಾಡಿಕೊಂಡಿತು, ಆಮೇಲೆ ದಶಕಗಟ್ಟಲೆ ಶಿಲೀಂಧ್ರನಾಶಕ ಸಿಂಪಡಿಸುತ್ತ ಬಂತು. ಗುಲಾಬಿಯೆಂದರೆ ಔಷಧಿಯಿಲ್ಲದೆ ಬದುಕದ ಗಿಡ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಹೂವನ್ನು ನೋಡಿದಷ್ಟೇ ಎಲೆಯನ್ನೂ ನೋಡಿ ತಳಿಗಳನ್ನು ಆರಿಸಿದ್ದರೆ ಆ ಮಾತಿಗೆ ಇಷ್ಟು ಬಲ ಬರುತ್ತಿರಲಿಲ್ಲ.

ಪರೀಕ್ಷೆಯ ತೋಟ ಎಂಬುದು ಕಲ್ಪನೆಯಲ್ಲ. ಪ್ಯಾರಿಸ್ಸಿನ ಬಗಾತೆಲ್ ಉದ್ಯಾನದಲ್ಲಿ 1907ರಿಂದಲೇ ಹೊಸ ಗುಲಾಬಿಗಳ ಅಂತರರಾಷ್ಟ್ರೀಯ ಸ್ಪರ್ಧೆ ನಡೆದುಕೊಂಡು ಬಂದಿದೆ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಕಥೆ ಇನ್ನೂ ಆಸಕ್ತಿಕರ. ಆ ಊರಿಗೆ ಮೊದಲೇ ಗುಲಾಬಿಯ ಹುಚ್ಚು. 1905ರ ವಸ್ತುಪ್ರದರ್ಶನದ ಕಾಲಕ್ಕೆ ಬೀದಿಗಳ ಪಕ್ಕದಲ್ಲಿ ಪೆರ್ನೆ-ಡುಶೆಯವರದೇ ಇನ್ನೊಂದು ತಳಿಯಾದ ‘ಮದಾಂ ಕರೋಲಿನ್ ತೆಸ್ತು’ ಗಿಡಗಳನ್ನು ಸಾಲಾಗಿ ನೆಟ್ಟಿದ್ದರು. ಒಂದನೇ ಮಹಾಯುದ್ಧ ಯುರೋಪನ್ನು ಸುಡುತ್ತಿದ್ದಾಗ, ಬಾಂಬಿಗೆ ಸಿಕ್ಕು ಅಲ್ಲಿನ ಅಪರೂಪದ ತಳಿಗಳು ಹೇಳಹೆಸರಿಲ್ಲದಂತೆ ಆಗಬಾರದೆಂದು ಜೆಸ್ಸಿ ಕರಿ ಎಂಬ ಸ್ಥಳೀಯ ಪತ್ರಿಕಾ ಸಂಪಾದಕ 1915ರಲ್ಲಿ ನಗರಾಡಳಿತದ ಮುಂದೆ ಹೋದರು. ಹೊಸ ತಳಿಗಳನ್ನು ಪರೀಕ್ಷಿಸುವ, ಯುದ್ಧಕಾಲದಲ್ಲಿ ಅವುಗಳಿಗೆ ಆಶ್ರಯ ಕೊಡುವ ತೋಟ ಬೇಕು ಎಂಬುದು ಅವರ ಬೇಡಿಕೆ. 1917ರಲ್ಲಿ ವಾಷಿಂಗ್ಟನ್ ಪಾರ್ಕಿನಲ್ಲಿ ತೋಟಕ್ಕೆ ಒಪ್ಪಿಗೆ ಸಿಕ್ಕಿತು, ಮರುವರ್ಷವೇ ಇಂಗ್ಲೆಂಡಿನ ತಳಿಗಾರರು ಗಿಡ ಕಳಿಸತೊಡಗಿದರು. 1919ರಿಂದ ನಗರವೇ ಉತ್ತಮ ತಳಿಗೆ ಚಿನ್ನದ ಪ್ರಶಸ್ತಿ ಕೊಡುತ್ತ ಬಂದಿದೆ. ಇಂದು ಸುಮಾರು ನಾಲ್ಕೂವರೆ ಎಕರೆಯಲ್ಲಿ 600ಕ್ಕೂ ಹೆಚ್ಚು ತಳಿಗಳ 10,000ಕ್ಕೂ ಮಿಕ್ಕಿದ ಗಿಡಗಳಿವೆ, ಪ್ರವೇಶಕ್ಕೆ ಶುಲ್ಕವಿಲ್ಲ. ಪರೀಕ್ಷೆಗೆ ಬಂದ ಗಿಡಗಳನ್ನು ಒಂದು ದಿನ ನೋಡಿ ಬಹುಮಾನ ಕೊಡುವ ಪದ್ಧತಿ ಅಲ್ಲಿಲ್ಲ. ಋತುವಿನಿಂದ ಋತುವಿಗೆ ಗಿಡದ ಹುರುಪು, ರೋಗ ತಡೆಯುವ ಶಕ್ತಿ, ಮತ್ತೆ ಹೂ ಬಿಡುವ ವೇಗ, ಪರಿಮಳ, ಗಿಡದ ಒಟ್ಟು ರೂಪ ಇವಕ್ಕೆಲ್ಲ ಅಂಕ ಕೊಡುತ್ತಾರೆ. ಹೂವಿನ ಚೆಲುವು ಅವುಗಳಲ್ಲಿ ಒಂದು ವಿಷಯ ಮಾತ್ರ.

ಇಂಥ ಪರೀಕ್ಷೆಗಳಿಂದ ಗುಲಾಬಿಯೇ ಬದಲಾಗಿದೆ. ಜರ್ಮನಿಯಲ್ಲಿ ಎಡಿಆರ್ ಎಂಬ ಹೆಸರಿನ ರಾಷ್ಟ್ರೀಯ ಗುಲಾಬಿ ಪರೀಕ್ಷೆಯಿದೆ. ಬೇರೆ ಬೇರೆ ಹವೆಯ ಊರುಗಳ ತೋಟಗಳಲ್ಲಿ ಒಂದೇ ತಳಿಯನ್ನು ನೆಟ್ಟು ಹಲವು ವರ್ಷ ಗಮನಿಸುತ್ತಾರೆ. 1997ರಿಂದ ಈ ಪರೀಕ್ಷಾ ಪಾತಿಗಳಿಗೆ ಕೀಟನಾಶಕ, ಶಿಲೀಂಧ್ರನಾಶಕ ಏನನ್ನೂ ಹೊಡೆಯುವುದಿಲ್ಲ. ಔಷಧಿಯ ಆಸರೆಯಿಲ್ಲದೆ ಯಾವುದು ನಿಲ್ಲುತ್ತದೋ ಅದಕ್ಕೇ ಮುದ್ರೆ. ತಳಿಗಾರರು ಗತ್ಯಂತರವಿಲ್ಲದೆ ರೋಗನಿರೋಧಕ ಗುಣವನ್ನು ಮುಂದಿಟ್ಟುಕೊಂಡು ಕೆಲಸ ಮಾಡಬೇಕಾಯಿತು. ಅಮೆರಿಕದ ಮಿಲ್ವಾಕಿಯಲ್ಲಿ ಸಾರ್ವಜನಿಕ ಉದ್ಯಾನವಾದ ಬೋರ್ನರ್ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ವಿಲಿಯಂ ರಾಡ್ಲರ್ ಇನ್ನೊಂದು ದಾರಿಯಲ್ಲಿ ಅದೇ ಗುರಿ ಮುಟ್ಟಿದರು. ತಮ್ಮ ಮನೆಯಲ್ಲಿ ಬೆಳೆಸಿದ ಸಸಿಗಳಿಗೆ ಅವರು ಬೇಕೆಂದೇ ರೋಗ ಹಚ್ಚುತ್ತಿದ್ದರು. ಕಪ್ಪು ಚುಕ್ಕೆ ಬಿದ್ದ ಎಲೆಗಳನ್ನು ಒಟ್ಟುಮಾಡಿ, ಒಣಗಿಸಿ, ಪುಡಿಮಾಡಿ ಸಸಿಗಳ ಮೇಲೆ ಉದುರಿಸುವುದು, ತಡೆದುಕೊಂಡದ್ದನ್ನು ಮಾತ್ರ ಉಳಿಸಿಕೊಳ್ಳುವುದು ಅವರ ವಿಧಾನ. ಅದರಿಂದ ಬಂದ ‘ನಾಕ್ ಔಟ್’ ಗುಲಾಬಿ 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆಯ್ಕೆಯಲ್ಲಿ ಗೆದ್ದಿತು. ಗುಲಾಬಿ ಕಷ್ಟದ ಗಿಡ ಎಂದು ದೂರ ಸರಿದಿದ್ದವರೂ ಅದನ್ನು ನೆಟ್ಟರು. ಅದರ ಹೂವು ಪ್ರದರ್ಶನದ ಹೂವಿನಂತೆ ಭಾರಿಯಾದದ್ದಲ್ಲ, ಪರಿಮಳವೂ ಕಡಿಮೆ. ಆದರೆ ಅದು ಎಲೆ ಉಳಿಸಿಕೊಂಡು, ತಿಂಗಳುಗಟ್ಟಲೆ ಹೂ ಬಿಡುತ್ತದೆ.

ಹಾಗಾದರೆ ಪೋರ್ಟ್‌ಲೆಂಡಿನಲ್ಲೋ ಜರ್ಮನಿಯಲ್ಲೋ ಗೆದ್ದದ್ದನ್ನು ತರಿಸಿ ನೆಟ್ಟರಾಯಿತಲ್ಲ, ನಾವೇಕೆ ಪರೀಕ್ಷೆ ನಡೆಸಬೇಕು ಎಂದು ಕೇಳಬಹುದು. ಉತ್ತರ ಮಳೆಯಲ್ಲಿದೆ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು ಏಳು ತಾಸು ಬಿಡದೆ ಒದ್ದೆಯಾಗಿರಬೇಕು. ಪೋರ್ಟ್‌ಲೆಂಡಿನಲ್ಲಿ ಮಳೆಯೆಲ್ಲ ಚಳಿಗಾಲದಲ್ಲಿ; ಗುಲಾಬಿ ಅರಳುವ ಬೇಸಿಗೆ ಒಣ ಹವೆಯದು. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ಗಿಡ ಚಿಗುರುತ್ತ ಹೂಬಿಡುತ್ತ ಇರುವಾಗಲೇ ಜಡಿಮಳೆ, ಮೋಡ, ರಾತ್ರಿಯ ಇಬ್ಬನಿ. ಜರ್ಮನಿಯ ಗಿಡ ಹಿಮದಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ, ಆಗ ರೋಗಕ್ಕೂ ಬಿಡುವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗುಲಾಬಿಗೆ ನಿದ್ದೆಯ ಕಾಲವೇ ಇಲ್ಲ. ವರ್ಷವಿಡೀ ಎಲೆ, ವರ್ಷವಿಡೀ ಹೂವು, ಹಾಗಾಗಿ ರೋಗಕ್ಕೂ ವರ್ಷವಿಡೀ ಊಟ. ರಾಯಚೂರು, ಕಲಬುರಗಿಗಳ ಏಪ್ರಿಲ್ ಬಿಸಿಲು ಬೇರೆಯೇ ಪರೀಕ್ಷೆ. ಮಂಗಳೂರಿನ ತೇವ ಇನ್ನೊಂದು ಬಗೆ. ಎರಡು ಸಾವಿರ ಮೀಟರಿಗೂ ಎತ್ತರದ ಊಟಿಯಲ್ಲಿ ಕಂಡು ಮೆಚ್ಚಿದ ತಳಿಯನ್ನು ತಂದು ಹುಬ್ಬಳ್ಳಿಯ ತಾರಸಿಯಲ್ಲಿಟ್ಟರೆ ಅದು ಸೊರಗುವುದು ಬೆಳೆಸಿದವರ ತಪ್ಪಿನಿಂದಲೇ ಆಗಬೇಕಿಲ್ಲ. ಪ್ರತಿ ಹವೆಗೆ ಅದರದೇ ಪರೀಕ್ಷೆ ಬೇಕು, ಆ ಪರೀಕ್ಷೆಗೆ ಆಯಾ ಊರಿನ ಉದ್ಯಾನಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ.

ಈ ದೇಶಕ್ಕೆ ಆ ಕೆಲಸ ಹೊಸದೂ ಅಲ್ಲ. ಚಂಡೀಗಡದ ಮೊದಲ ಮುಖ್ಯ ಆಯುಕ್ತರಾಗಿದ್ದ ಎಂ.ಎಸ್. ರಾಂಧಾವಾ ಅವರ ಆಸ್ಥೆಯಿಂದ 1967ರಲ್ಲಿ 30 ಎಕರೆಯ ಗುಲಾಬಿ ತೋಟ ಆಯಿತು. ಗುಲಾಬಿಪ್ರಿಯರಾಗಿದ್ದ ರಾಷ್ಟ್ರಪತಿ ಜಾಕಿರ್ ಹುಸೇನರ ಹೆಸರನ್ನು ಅದಕ್ಕಿಟ್ಟರು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಬಯಲಿನಲ್ಲಿ ಗುಲಾಬಿ ಬಾಳಬಲ್ಲದು ಎಂಬುದನ್ನು ಆ ತೋಟ ಐದು ದಶಕಕ್ಕೂ ಮಿಕ್ಕಿ ತೋರಿಸುತ್ತ ಬಂದಿದೆ. ಗೋಧಿಯ ತುಕ್ಕು ರೋಗವನ್ನು ತಡೆಯುವ ತಳಿಗಳಿಗಾಗಿ ದುಡಿದ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದ ವಿಜ್ಞಾನಿ ಬಿ.ಪಿ. ಪಾಲ್ ತಮ್ಮ ಬಿಡುವಿನ ವೇಳೆಯನ್ನೆಲ್ಲ ಗುಲಾಬಿಗೆ ಕೊಟ್ಟರು. ‘ಡೆಲ್ಲಿ ಪ್ರಿನ್ಸೆಸ್’, ಬಿಳಿಯ ‘ಡಾ. ಹೋಮಿ ಭಾಭಾ’ ಅವರು ರೂಪಿಸಿದ ತಳಿಗಳು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಿಂದ ಕಂದುಛಾಯೆಯ ‘ಮೋಹಿನಿ’ ಬಂತು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ‘ಅರ್ಕಾ’ ಹೆಸರಿನ ಗುಲಾಬಿಗಳು ಹೊರಬಂದಿವೆ. ಭಾರತದ ಬಿಸಿಲು ಮಳೆಯಲ್ಲೇ ಹುಟ್ಟಿ, ಇಲ್ಲೇ ಆಯ್ಕೆಯಾದ ಗಿಡಗಳಿವು. ಆದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಗಿಡ ಕೊಳ್ಳಲು ಹೋದವರಿಗೆ ಇವುಗಳ ಹೆಸರು ಕಿವಿಗೆ ಬೀಳುವುದು ಅಪರೂಪ. ಮಾರುಕಟ್ಟೆಗೆ ವರ್ಷಕ್ಕೊಂದು ಹೊಸ ಬಣ್ಣ ಬೇಕು, ಬೇಡಿಕೆ ತಗ್ಗಿದ ತಳಿಗೆ ಯಾರೂ ಕಣ್ಣು ಕಸಿ ಮಾಡುವುದಿಲ್ಲ. ಕಸಿ ನಿಂತರೆ ಕೆಲವು ವರ್ಷಗಳಲ್ಲಿ ಆ ತಳಿ ಇಲ್ಲವಾಗುತ್ತದೆ. ಜರ್ಮನಿಯ ಜಾಂಗರ್‌ಹೌಸನ್ ಎಂಬ ಸಣ್ಣ ಊರಿನ ತೋಟ 1903ರಿಂದ ಗುಲಾಬಿಗಳನ್ನು ಕೂಡಿಡುತ್ತ ಬಂದು ಇಂದು 8,000ಕ್ಕೂ ಹೆಚ್ಚು ಬಗೆಗಳನ್ನು ಉಳಿಸಿಕೊಂಡಿದೆ. ಪಾಲ್ ಅವರ ತಳಿಗಳನ್ನು, ಹೆಸರಘಟ್ಟದ ತಳಿಗಳನ್ನು ಹಾಗೆ ಹೆಸರು ಸಮೇತ ಕಾಪಾಡಿ ಜನರಿಗೆ ತೋರಿಸುವ ಹೊಣೆ ನಮ್ಮ ಉದ್ಯಾನಗಳದು.

ಹೆಸರು ಸಮೇತ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಪಾತಿಯ ಮುಂದೆ ನೆಟ್ಟ ಪುಟ್ಟ ತಗಡಿನ ಫಲಕ ಗುಲಾಬಿ ತೋಟದ ಬೆನ್ನೆಲುಬು. ಅದು ನಿಜವಾಗಿರಬೇಕಾದರೆ ದಿನವೂ ಕಾಯಬೇಕು. ಕಸಿ ಗಿಡದಲ್ಲಿ ಎರಡು ಜೀವಗಳಿರುತ್ತವೆ. ನೆಲದೊಳಗಿನ ಬೇರು ಒಂದು ಜಾತಿಯದು, ಮೇಲಿನ ಕೊಂಬೆ ಇನ್ನೊಂದರದು. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬೇರುಗಿಡವೇ ಆಗಾಗ ತನ್ನದೊಂದು ಕೊಂಬೆಯನ್ನು ಮೇಲೆ ಕಳಿಸುತ್ತದೆ. ಕುಳಿತು ನೋಡಿದರೆ ಗೊತ್ತಾಗುತ್ತದೆ. ಆ ಕೊಂಬೆ ನೇರವಾಗಿ, ರಭಸದಿಂದ ಎದ್ದಿರುತ್ತದೆ, ಬಣ್ಣ ತಿಳಿಹಸಿರು, ಮುಳ್ಳಿನ ರೀತಿಯೇ ಬೇರೆ, ಎಲೆಗಳು ಸಣ್ಣ. ಮೇಲಿನ ತಳಿಯಲ್ಲಿ ಒಂದು ತೊಟ್ಟಿಗೆ ಐದು ಎಲೆಯಿದ್ದರೆ ಇದರಲ್ಲಿ ಹಲವು ಸಲ ಏಳು. ಅದನ್ನು ಹುಟ್ಟಿದ ಬುಡದಿಂದಲೇ ಕಿತ್ತು ತೆಗೆಯಬೇಕು. ನೆಲಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಒಂದರ ಜಾಗದಲ್ಲಿ ನಾಲ್ಕು ಬರುತ್ತವೆ. ಎರಡು ಮೂರು ವರ್ಷ ಯಾರೂ ಗಮನಿಸದಿದ್ದರೆ ಕಾಡುಕೊಂಬೆ ನೀರು ಗೊಬ್ಬರವನ್ನೆಲ್ಲ ಎಳೆದುಕೊಂಡು, ಮೇಲಿನ ತಳಿ ಸತ್ತು, ಗೊಂಚಲು ಗೊಂಚಲಾಗಿ ಸಣ್ಣ ಹೂ ಬಿಡುವ ಪೊದೆಯೊಂದು ನಿಂತಿರುತ್ತದೆ. ಫಲಕದಲ್ಲಿ ಮಾತ್ರ ಹಳೆಯ ಹೆಸರೇ. ಸವರುವ ಕೆಲಸವೂ ಅಷ್ಟೇ ನಾಜೂಕಿನದು. ಹೊರಮುಖವಾಗಿರುವ ಕಣ್ಣನ್ನು ನೋಡಿ, ಅದರಿಂದ ಕಾಲು ಅಂಗುಲ ಮೇಲೆ, ನೀರು ಕಣ್ಣಿನ ಮೇಲೆ ನಿಲ್ಲದಂತೆ ಓರೆಯಾಗಿ ಕತ್ತರಿ ಹಾಕಬೇಕು. ಹಾಗೆ ಸವರಿದ ಮೇಲೆ ನಮ್ಮ ಹವೆಯಲ್ಲಿ ಆರರಿಂದ ಎಂಟು ವಾರಕ್ಕೆ ಹೂವು ಬರುತ್ತದೆ. ಗಣರಾಜ್ಯೋತ್ಸವದ ಹೊತ್ತಿಗೆ ಪಾತಿ ತುಂಬಿರಬೇಕಾದರೆ ಡಿಸೆಂಬರ್ ಮೊದಲ ವಾರದಲ್ಲಿ ಕತ್ತರಿ ಹಿಡಿದವರ ಲೆಕ್ಕಾಚಾರ ಸರಿಯಿರಬೇಕು. ಈ ವಿದ್ಯೆ ಬಲ್ಲ ಮಾಲಿ ನಿವೃತ್ತರಾಗಿ, ಆ ಜಾಗಕ್ಕೆ ಹುಲ್ಲು ಕತ್ತರಿಸುವ ಗುತ್ತಿಗೆ ಕಾರ್ಮಿಕರನ್ನು ತಂದರೆ, ತೋಟದ ಜ್ಞಾನದಲ್ಲಿ ಒಂದು ಪಾಲು ಅಂದೇ ಹೋಯಿತು.

ಉದ್ಯಾನಕ್ಕೆ ಜನ ಬರುವುದು ಮನಸ್ಸು ಹಗುರಾಗಲೆಂದು, ಅವರ ಮೇಲೆ ಪರೀಕ್ಷೆ, ಅಂಕ, ತಳಿಯ ಹೆಸರುಗಳ ಭಾರ ಯಾಕೆ ಹೊರಿಸಬೇಕು ಎಂಬ ಆಕ್ಷೇಪಕ್ಕೆ ಬೆಲೆಯಿದೆ. ದಣಿದು ಬಂದು ಬೆಂಚಿನ ಮೇಲೆ ಕೂರುವವರು ಏನನ್ನೂ ಓದಬೇಕಿಲ್ಲ. ಆದರೆ ತಿಳಿವಳಿಕೆ ಸಂತೋಷವನ್ನು ಕಸಿಯುತ್ತದೆ ಎಂಬುದು ನಿಜವಲ್ಲ. ಪರಿಮಳವನ್ನೇ ನೋಡಿ. ಹೂದಾನಿಗೆ ಹಾಕುವ ಉದ್ದ ದಂಟಿನ ಡಚ್ ಗುಲಾಬಿಯನ್ನು ಮೂಸಿ, ಈಗಿನ ಗುಲಾಬಿಗೆ ವಾಸನೆಯೇ ಇಲ್ಲ ಎಂದು ಬೇಸರಪಡುತ್ತೇವೆ. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದರ ಒಂದು ಕಾರಣವನ್ನು ವಿವರಿಸಿದರು. ಘಮಘಮಿಸುವ ‘ಪಾಪಾ ಮೇಯಾಂ’ ಮತ್ತು ವಾಸನೆಯಿಲ್ಲದ ‘ರೂಜ್ ಮೇಯಾಂ’ ಎಂಬ ಎರಡು ಗುಲಾಬಿಗಳನ್ನು ಹೋಲಿಸಿದಾಗ, ಪರಿಮಳದ ಮುಖ್ಯ ದ್ರವ್ಯಗಳಲ್ಲೊಂದಾದ ಜೆರಾನಿಯೋಲ್ ತಯಾರಾಗಲು ನೆರವಾಗುವ ಕಿಣ್ವದ ವಂಶವಾಹಿ ಮೊದಲನೆಯದರಲ್ಲಿ ಚುರುಕಾಗಿತ್ತು, ಎರಡನೆಯದರಲ್ಲಿ ಬಹುತೇಕ ಸುಮ್ಮನಿತ್ತು. ಇಂಥ ಎರಡು ಗಿಡಗಳನ್ನು ಅಕ್ಕಪಕ್ಕದಲ್ಲಿ ನೆಟ್ಟು, ಫಲಕದಲ್ಲಿ ಎರಡೇ ಸಾಲು ಬರೆದರೆ ಸಾಕು. ಮಕ್ಕಳು ತಾವಾಗಿಯೇ ಬಗ್ಗಿ ಮೂಸಿ ನೋಡುತ್ತಾರೆ. ಮೃಗಾಲಯದಲ್ಲಿ ಪ್ರಾಣಿಯ ಹೆಸರು, ಊರು, ಆಹಾರ ಬರೆದ ಫಲಕ ಇರುವುದರಿಂದ ಹುಲಿಯನ್ನು ನೋಡುವ ರೋಮಾಂಚನ ಯಾರಿಗೂ ಕಡಿಮೆಯಾಗಿಲ್ಲ.

ಗುಲಾಬಿ ಹೊರಗಿನ ಗಿಡ, ನೀರು ಕುಡಿಯುವ, ವಿಷ ಬೇಡುವ ಗಿಡ, ಆ ಜಾಗದಲ್ಲಿ ಹೊಂಗೆ, ಮತ್ತಿ, ನೇರಳೆ ನೆಡಿ ಎಂಬ ವಾದ ಹೆಚ್ಚು ಗಂಭೀರವಾದದ್ದು. ಊರಿಗೆ ನೆರಳಿನ ಮರ ಮೊದಲು, ಗುಲಾಬಿ ಆಮೇಲೆ ಎಂಬುದರಲ್ಲಿ ತಕರಾರಿಲ್ಲ. ಎಸಳು ತುಂಬಿದ ಗುಲಾಬಿಯಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ಜೇನುನೊಣಕ್ಕೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ ಎಂಬುದೂ ಸತ್ಯ. ಆದರೆ ಗುಲಾಬಿ ಪೂರ್ತಿ ಹೊರಗಿನದು ಎನ್ನುವುದು ಸರಿಯಲ್ಲ. ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡಿನಂಚಿನಲ್ಲಿ ಬಿಳಿ ಹೂವಿನ ರೋಸಾ ಲೆಶನಾಲ್ಟಿಯಾನಾ ಎಂಬ ಬಳ್ಳಿ ಗುಲಾಬಿ ತಾನಾಗಿ ಬೆಳೆಯುತ್ತದೆ. ಮಣಿಪುರದ ಬೆಟ್ಟಗಳಲ್ಲಿ ರೋಸಾ ಜೈಜಾಂಟಿಯಾ ಇದೆ. ಪೂರ್ವ ಭಾರತದ ತಗ್ಗಿನ, ನೀರು ನಿಲ್ಲುವ ಬಿಸಿ ನೆಲದಲ್ಲೂ ಬದುಕುವ ರೋಸಾ ಕ್ಲೈನೋಫಿಲಾ ಇದೆ. ಐಎಎಸ್ ಅಧಿಕಾರಿಯಾಗಿದ್ದು ಆಮೇಲೆ ಕೊಡೈಕನಾಲಿನಲ್ಲಿ ನೆಲೆಸಿದ ಎಂ.ಎಸ್. ವೀರರಾಘವನ್ ಈ ಕೊನೆಯ ಎರಡು ಕಾಡುಗುಲಾಬಿಗಳನ್ನು ಬಳಸಿ, ಉಷ್ಣ ಪ್ರದೇಶಕ್ಕೆ ಒಗ್ಗುವ ಹೊಸ ವಂಶವನ್ನೇ ಕಟ್ಟಲು ದಶಕಗಳಿಂದ ದುಡಿದಿದ್ದಾರೆ. ಅವರ ತಳಿಗಳಿಗೆ ಹೊರದೇಶಗಳ ಗುಲಾಬಿ ಪ್ರಿಯರಲ್ಲಿ ದೊಡ್ಡ ಗೌರವವಿದೆ. ಇನ್ನು ವಿಷದ ಮಾತು. ವಾರಕ್ಕೊಮ್ಮೆ ಔಷಧಿ ಹೊಡೆದು ನಿಲ್ಲಿಸಿದ ತೋಟ, ಮಕ್ಕಳು ಮುಟ್ಟಿ ಮೂಸುವ ಉದ್ಯಾನದಲ್ಲಿ ಇರಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕಾಗಿಯೇ ಪರೀಕ್ಷೆ ಬೇಕು. ಒಂದು ಪಾತಿಗೆ ಎರಡು ಮಳೆಗಾಲ ಔಷಧಿ ಹಾಕದೆ ಬಿಡಿ. ಸಂಜೆ ಎಲೆಯ ಮೇಲೆ ನೀರು ಚಿಮ್ಮಿಸುವುದನ್ನು ನಿಲ್ಲಿಸಿ, ಬೆಳಗ್ಗೆ ಬುಡಕ್ಕೆ ಹನಿ ನೀರು ಕೊಡಿ. ಬಿದ್ದ ಎಲೆಗಳನ್ನು ಗುಡಿಸಿ ತೆಗೆಯಿರಿ. ಆಮೇಲೂ ನಿಂತವು ಯಾವುವು ಎಂದು ಬರೆದು ಹಾಕಿ. ಸೋತವನ್ನು ಕಿತ್ತು ಆ ಜಾಗವನ್ನು ಮತ್ತೊಂದು ತಳಿಗೋ, ಬೇಕಿದ್ದರೆ ಹೊಂಗೆಗೋ ಕೊಡಿ.

ಇದಕ್ಕೆಲ್ಲ ದುಡ್ಡೆಲ್ಲಿ, ಜನರೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಗಿಡಗಳು ಈಗಾಗಲೇ ಇವೆ, ಪಾತಿಗಳಿವೆ, ನೀರು ಗೊಬ್ಬರಕ್ಕೆ ಖರ್ಚು ಆಗುತ್ತಲೇ ಇದೆ. ಹೊಸದಾಗಿ ಬೇಕಾದದ್ದು ಒಂದು ದಾಖಲೆ ಪುಸ್ತಕ, ಅಳಿಸದ ಫಲಕ, ಅವೆರಡನ್ನೂ ತಾಳೆ ನೋಡುವ ಒಬ್ಬ ಜವಾಬ್ದಾರಿಯುತ ವ್ಯಕ್ತಿ. ಪೋರ್ಟ್‌ಲೆಂಡಿನಲ್ಲಿ ಬಾಡಿದ ಹೂ ಕತ್ತರಿಸುವಂಥ ಕೆಲಸಕ್ಕೆ ಊರಿನ ಸ್ವಯಂಸೇವಕರೇ ಕತ್ತರಿ ಹಿಡಿದು ಬರುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ತಾರಸಿ ತೋಟ ಮಾಡುವ ಅಷ್ಟೊಂದು ಮಂದಿ ಇದ್ದಾರೆ. ಕರೆದರೆ ಬರುವುದಿಲ್ಲ ಎಂದುಕೊಳ್ಳಲು ಕಾರಣವಿಲ್ಲ. ಕೃಷಿ, ತೋಟಗಾರಿಕೆ ಓದುವ ವಿದ್ಯಾರ್ಥಿಗಳಿಗೆ ಮಳೆಗಾಲದಲ್ಲಿ ಎಲೆ ಎಣಿಸಿ ಅಂಕ ಹಾಕುವ ಕೆಲಸಕ್ಕಿಂತ ಒಳ್ಳೆಯ ಪಾಠವಿರಲಾರದು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನ ಇದ್ದೇ ಇದೆಯಲ್ಲ ಎನ್ನುವವರಿದ್ದಾರೆ. 1889ರ ಆ ಗಾಜಿನ ಮನೆಯ ಪ್ರದರ್ಶನ ನಾಡಿನ ಹೆಮ್ಮೆ, ಅದಕ್ಕೆ ಬರುವ ಜನಸಾಗರವೇ ಹೂವಿನ ಮೇಲೆ ನಮಗಿರುವ ಪ್ರೀತಿಗೆ ಸಾಕ್ಷಿ. ಆದರೆ ಅಲ್ಲಿ ಹೂವಿನಿಂದ ಕಟ್ಟುವ ಮಾದರಿಗಳಿಗೆ ಚುಚ್ಚಿದ ಗುಲಾಬಿ ದಂಟಿನಿಂದ ಕತ್ತರಿಸಿದ ಹೂವು. ಅದು ಬೆಳೆದ ಗಿಡ ಹೇಗಿತ್ತು, ಅದಕ್ಕೆ ಎಷ್ಟು ಔಷಧಿ ಬಿತ್ತು, ಅದು ನಮ್ಮ ಮನೆಯಲ್ಲಿ ಬದುಕುತ್ತದೆಯೇ ಎಂಬುದಕ್ಕೆ ಗಾಜಿನ ಮನೆಯಲ್ಲಿ ಉತ್ತರ ಸಿಗುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಹೂ ತುಂಬಿರುವ ಜನವರಿಯಲ್ಲಿ ಒಮ್ಮೆ ಹೋಗಿ ಬಂದ ಗುಲಾಬಿ ತೋಟಕ್ಕೆ ಆಗಸ್ಟಿನ ಮಳೆಯಲ್ಲಿ ಇನ್ನೊಮ್ಮೆ ಹೋಗಿ. ಬೆಳಗಿನ ಹೊತ್ತು ಒಳ್ಳೆಯದು, ಎಳೆ ಬಿಸಿಲಿಗೆ ಪರಿಮಳ ಚೆನ್ನಾಗಿ ಏಳುತ್ತದೆ. ಬಗ್ಗಿ ಗಿಡದ ಕೆಳಗಿನ ಎಲೆಗಳನ್ನು ನೋಡಿ. ಅಂಚು ಹರಿದಂತಿರುವ ಕರಿಚುಕ್ಕೆ, ಅದರ ಸುತ್ತ ಹಳದಿ ಕಂಡರೆ ರೋಗ ಕಾಲಿಟ್ಟಿದೆ. ಪಕ್ಕದ ಗಿಡ ಬುಡದವರೆಗೂ ಹಸಿರಾಗಿದ್ದರೆ ಅದರ ಹೆಸರು ಬರೆದುಕೊಳ್ಳಿ, ನರ್ಸರಿಯಲ್ಲಿ ಆ ಹೆಸರು ಹೇಳಿ ಗಿಡ ಕೇಳಿ. ಫಲಕವೇ ಇಲ್ಲದಿದ್ದರೆ ಕೆಲಸ ಮಾಡುತ್ತಿರುವ ಮಾಲಿಯನ್ನು ವಿಚಾರಿಸಿ, ಅವರಿಗೆ ಗೊತ್ತಿರುವುದು ಫಲಕಕ್ಕಿಂತ ಹೆಚ್ಚೇ ಇರುತ್ತದೆ. ಆಮೇಲೆ ತೋಟಗಾರಿಕಾ ಇಲಾಖೆಗೆ ಒಂದು ಪತ್ರ ಬರೆಯಿರಿ: ಪ್ರತಿ ಗುಲಾಬಿಗೂ ತಳಿಯ ಹೆಸರು, ರೂಪಿಸಿದವರ ಹೆಸರು, ನೆಟ್ಟ ವರ್ಷ ಇರುವ ಫಲಕ ಹಾಕಿ, ಔಷಧಿ ಹೊಡೆಯದ ಒಂದು ಪಾತಿಯನ್ನು ಮೀಸಲಿಡಿ, ಮಳೆಗಾಲ ಮುಗಿದ ಮೇಲೆ ಅದರ ಫಲಿತಾಂಶವನ್ನು ತೋಟದ ಬಾಗಿಲಲ್ಲೇ ಹಾಕಿ ಎಂದು.